ಹೆಡ್‌ಲೈಟ್ ಕಪ್ಲರ್ ಕೆಲ್ಸಕ್ಕೆ ಬೆಂಗಳೂರು ಜೆ.ಸಿ. ರೋಡಿನ ಚಿಕ್ಕ ವೈರಿಂಗ್ ಅಂಗಡಿ: ಹೋಗ್ಬೋದು

ನಂದು 2019ರ ಸ್ವಿಫ್ಟ್ ವಿಎಕ್ಸ್‌ಐ, ಹ್ಯಾಲೋಜನ್ ಲೈಟಿಂದು. ಕನಕಪುರ ರೋಡಲ್ಲಿ ರಾತ್ರಿ ಓಡ್ಸಿ ಸಾಕಾಗಿ ಟಾಪ್ ಮಾಡೆಲ್ ಝಡ್‌ಎಕ್ಸ್‌ಐ ಪ್ಲಸ್‌ನ ಎಲ್‌ಇಡಿ ಪ್ರೊಜೆಕ್ಟರ್ ಜೋಡಿ ತಗೊಂಡೆ. ಬಂಪರ್ ಬಿಚ್ಚಿ ಕೂರ್ಸಿದ್ರೆ ಲೈಟ್ ನೀಟಾಗಿ ಕೂತ್ಕೊಳ್ತು, ಆದ್ರೆ ಕಪ್ಲರ್, ಅಂದ್ರೆ ವೈರ್ ತುದೀಲಿರೋ ಪ್ಲಗ್ಗು, ಸೇರಲ್ಲ. ಹಳೇದ್ರಲ್ಲಿ ಬಲ್ಬ್ ಹಿಂದೆ ಚುಚ್ಚೋ ಮೂರು ಪಿನ್ನಿನ ಎಚ್4 ಕಪ್ಲರು, ಪಾರ್ಕಿಂಗ್ ಬಲ್ಬಿಗೆ ಬೇರೆ ಹೋಲ್ಡರು, ಹೊಸದಕ್ಕೆ ಎಲ್ಲಾ ಸೇರಿ ಒಂದೇ ದೊಡ್ಡ ಕಪ್ಲರು.

ಮನೆ ಹತ್ರದ ಒಬ್ರು ಅರ್ಧ ಗಂಟೆ ಕೆಲ್ಸ ಅಂತ ಎರಡೂ ಕಡೆ ಕಪ್ಲರ್ ಕಟ್ ಮಾಡಿ, ವೈರ್ ಕಲರ್ ನೋಡ್ಕೊಂಡು ತಿರುಚಿ ಟೇಪ್ ಸುತ್ತಿ ಕಳ್ಸಿದ್ರು. ಎರಡು ಮಳೆ ಬಿತ್ತು, ಒಂದು ರಾತ್ರಿ ಫ್ಯೂಸ್ ಹೋಗಿ ಎಡಗಡೆ ಪೂರ್ತಿ ಕತ್ತಲೆ. ಟೇಪ್ ಬಿಚ್ಚಿದ್ರೆ ಒಳಗೆ ತಾಮ್ರ ಹಸಿರು ಹಿಡಿದಿತ್ತು. ನಂಗೆ ನಿಜವಾಗ್ಲೂ ಹೊಟ್ಟೆ ಉರೀತು.

ಆಮೇಲೆ ಸ್ನೇಹಿತ ಹೇಳ್ದ ಅಂತ ಜೆ.ಸಿ. ರೋಡಿಗೆ ಹೋದೆ, ಮೇನ್ ರೋಡಲ್ಲ, ಒಳಗಿನ ಓಣೀಲಿ ಒಬ್ರೇ ನಡೆಸೋ ಅಂಗಡಿ. ವಯಸ್ಸಾದವ್ರು, ವೈರ್ ಮುಟ್ಟೋಕ್ಕೂ ಮುಂಚೆ ಮೀಟರ್ ತಗೊಂಡು ನನ್ನ ಕೈಲಿ ಅಪ್ಪರ್, ಡಿಪ್ಪರ್, ಪಾರ್ಕಿಂಗ್ ಒಂದೊಂದಾಗಿ ಹಾಕ್ಸಿ ಪ್ರತಿ ಪಿನ್ನೂ ಚೆಕ್ ಮಾಡಿ ಒಂದು ಚೀಟಿ ಮೇಲೆ ಬರ್ಕೊಂಡ್ರು. ಯಾಕೆ ಅಂತ ಕೇಳಿದ್ದಕ್ಕೆ, "ಕಲರ್ ನಂಬ್ಕೋಬಾರ್ದು ಸಾರ್, ಕೆಲವು ಗಾಡೀಲಿ ಸ್ವಿಚ್ಚು ಪ್ಲಸ್ ಕಡೆ ಇರತ್ತೆ, ಕೆಲವ್ರದ್ದು ಅರ್ತ್ ಕಡೆ" ಅಂದ್ರು. ಅದನ್ನ ನೋಡದೆ ಸೇರ್ಸಿದ್ರೆ ಫ್ಯೂಸ್ ಹೋಗ್ದೆ ಇನ್ನೇನಾಗತ್ತೆ ಹೇಳಿ.

ಮೊದ್ಲು ಕಟ್ ಆಗಿದ್ದ ಜಾಗಕ್ಕೆ ಹೊಸ ಎಚ್4 ಕಪ್ಲರ್ ಸೋಲ್ಡರ್ ಮಾಡಿ ಮೇಲೆ ಸ್ಲೀವ್ ಹಾಕಿ ಬಿಸಿ ಮಾಡಿ ಮುಚ್ಚಿದ್ರು, ಅಂದ್ರೆ ಗಾಡಿ ಮತ್ತೆ ಕಂಪನಿ ಥರ ಆಯ್ತು. ಆಮೇಲೆ ನಡುವೆ ಹಾಕೋಕೆ ಬೇರೆ ಹಾರ್ನೆಸ್ (ವೈರ್‌ಗಳ ಕಟ್ಟು) ಮಾಡಿದ್ರು, ಒಂದು ತುದಿ ಎಚ್4 ಪಿನ್ನು, ಇನ್ನೊಂದು ತುದಿ ಹೊಸ ಲೈಟಿನ ಕಪ್ಲರು. ಪ್ರತಿ ಪಿನ್ ವೈರಿಗೆ ಒತ್ತಿ ಕ್ರಿಂಪ್ ಮಾಡಿದ್ಮೇಲೆ ಜೋರಾಗಿ ಎಳೆದು ನೋಡ್ತಿದ್ರು, ಒಂದು ಕೈಗೆ ಬಂತು, ಅದನ್ನ ಬಿಸಾಕಿ ಮತ್ತೆ ಮಾಡಿದ್ರು. ಡಿಆರ್‌ಎಲ್‌ಗೆ (ಹಗಲಲ್ಲೂ ಉರಿಯೋ ಲೈಟಿಗೆ) ಕೀ ಆನ್ ಆದಾಗ ಮಾತ್ರ ಬರೋ ಲೈನಿಂದ ಬೇರೆ ಫ್ಯೂಸ್ ಹಾಕಿ ಕೊಟ್ರು. ಎಲ್‌ಇಡಿ ಹಳೇ 60/55 ವ್ಯಾಟ್ ಬಲ್ಬಿಗಿಂತ ಕಮ್ಮಿ ಕರೆಂಟ್ ಎಳೆಯೋದ್ರಿಂದ ಹಳೇ ವೈರೇ ಸಾಕಾಯ್ತು.

ಕೊನೇಲಿ ಗೋಡೆ ಮುಂದೆ ನಿಲ್ಸಿ ಬೆಳಕು ಸೆಟ್ ಮಾಡಿದ್ರು. ಬೀಮ್ ಎಡಗಡೆ ಸ್ವಲ್ಪ ಮೇಲಕ್ಕೆ ಏರ್ಬೇಕು. ಬಲಗಡೆ ಓಡ್ಸೋ ದೇಶದ ಇಂಪೋರ್ಟೆಡ್ ಲೈಟ್ ತಗೊಂಡ್ರೆ ಅದು ಬಲಕ್ಕೆ ಏರಿ ಎದುರಿಂದ ಬರೋರ ಕಣ್ಣಿಗೇ ಹೊಡೆಯತ್ತೆ, ತಗೊಳ್ಳೋಕ್ಕೂ ಮುಂಚೆ ನೋಡ್ಕೊಳ್ಳಿ.

ಎಲ್ಲಾ ಸೇರಿ 3,200 ರೂಪಾಯಿ ಆಯ್ತು. ಎರಡು ಗಂಟೆ ಅಂದಿದ್ದು ನಾಲ್ಕೂವರೆ ಗಂಟೆ ಹಿಡೀತು, ಕೂರೋಕೆ ಜಾಗ ಇಲ್ಲ, ಪಾರ್ಕಿಂಗ್ ಅಂತೂ ಕಷ್ಟ, ಬೆಳಿಗ್ಗೆ ಬೇಗ ಹೋಗಿ. ಇಡೀ ಮಳೆಗಾಲ ಕಳೀತು, ಒಂದ್ಸಲಾನೂ ತೊಂದ್ರೆ ಇಲ್ಲ. ಹೋಗೋರು ಹಳೇ ಲೈಟನ್ನೂ ಜೊತೇಲಿ ತಗೊಂಡ್ಹೋಗಿ, ಎರಡೂ ಕಪ್ಲರ್ ಕಣ್ಣಾರೆ ನೋಡದೆ ಅವರು ರೇಟ್ ಹೇಳಲ್ಲ.