ಪೆಟ್ಟಿಗೆ ಬಿಚ್ಚಿದರೆ ವಾಪಸ್ ಇಲ್ಲವಂತೆ! ಗ್ರೈಂಡರ್ ಕೊಳ್ಳುವವರು ನೋಡಿಕೊಳ್ಳಿ

ಉಡುಪಿ ಪೇಟೆಯಲ್ಲಿ ಮಿಕ್ಸಿ, ಗ್ರೈಂಡರ್ ತೆಗೆದುಕೊಳ್ಳುವ ಯೋಚನೆ ಇದ್ದರೆ ಹಣ ಕೊಡುವ ಮೊದಲು ಇದನ್ನು ಓದಿ.

ಅಷ್ಟಮಿಗೆ ಎರಡು ದಿನ ಇತ್ತು. ಹಳೆಯ ಗ್ರೈಂಡರ್ ಕೈಕೊಟ್ಟಿತ್ತು. ಪೇಟೆಯ ಒಂದು ಅಂಗಡಿಯಲ್ಲಿ ಎರಡು ಲೀಟರಿನ ಹೊಸದು ತೆಗೆದುಕೊಂಡೆ, 5,400 ರೂಪಾಯಿ. ಪ್ಲಗ್ ಹಾಕಿ ತೋರಿಸಿ ಅಂದೆ. "ಸೀಲ್ ಪ್ಯಾಕ್ ಉಂಟಕ್ಕ, ಎಂತ ಹೆದರ್ಬೇಡಿ" ಅಂದ ಹುಡುಗ. ಹಿಂದೆ ಜನ ನಿಂತಿದ್ದರು. ಸುಮ್ನೆ ಒಪ್ಪಿಕೊಂಡೆ.

ಮನೆಯಲ್ಲಿ ಉದ್ದು, ಬೆಳ್ತಿಗೆ ಅಕ್ಕಿ ನೆನೆಹಾಕಿ ಆಗಿತ್ತು. ರಥಬೀದಿಯಿಂದ ಖಾಲಿ ಮೂಡೆಯೂ (ಹಿಟ್ಟು ಹೊಯ್ದು ಬೇಯಿಸುವ ಎಲೆಯ ಕೊಟ್ಟೆ) ತಂದಿಟ್ಟಿದ್ದೆ. ಉದ್ದು ಹಾಕಿ ಸ್ವಿಚ್ ಒತ್ತಿದರೆ ಕಲ್ಲು ಎರಡು ಸುತ್ತು ತಿರುಗಿ ನಿಂತಿತು. ಕೆಳಗಿನಿಂದ ಸುಟ್ಟ ವಾಸನೆ. ಅರೆಬರೆ ಉದ್ದನ್ನು ಬಳಿದು ತೆಗೆದು ಪಕ್ಕದ ಮನೆಯವರ ಗ್ರೈಂಡರಿನಲ್ಲಿ ಕಡೆದುಕೊಂಡು ಬಂದೆ.

ಮರುದಿನ ರಿಕ್ಷಾದಲ್ಲಿ ಅದನ್ನು ಹೊತ್ತುಕೊಂಡು ಅಂಗಡಿಗೆ ಹೋದೆ. ಮಾಲಕರು ಗ್ರೈಂಡರನ್ನು ನೋಡಲೇ ಇಲ್ಲ, ರಟ್ಟಿನ ಪೆಟ್ಟಿಗೆಯ ಟೇಪ್ ನೋಡಿದರು. "ಓಪನ್ ಮಾಡಿದ್ದೀರಲ್ಲ, ಇನ್ನು ವಾಪಸ್ ತೆಗೊಳ್ಳಲಿಕ್ಕೆ ಆಗುದಿಲ್ಲ. ಕಂಪೆನಿಗೆ ಫೋನ್ ಮಾಡಿ." ಓಪನ್ ಮಾಡದೆ ಹಾಳಾಗಿದೆ ಅಂತ ಗೊತ್ತಾಗುವುದು ಹೇಗೆ ಮಾರಾಯ್ರೇ? ಬಿಲ್ ತಿರುಗಿಸಿ ತೋರಿಸಿದರು. ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು, ಬಿಚ್ಚಿದ ಸಾಮಾನು ವಾಪಸ್ ಇಲ್ಲ ಅಂತ. ಜಾಸ್ತಿ ಮಾತಾಡಿದ ಮೇಲೆ, ಪೆಟ್ಟಿಗೆ ಹರಿದದ್ದಕ್ಕೆ 600 ಕಳೆದು ಉಳಿದದ್ದಕ್ಕೆ ಕ್ರೆಡಿಟ್ ನೋಟ್ ಕೊಡುತ್ತೇನೆ ಅಂದರು, ಅಂದರೆ ದುಡ್ಡಲ್ಲ, ಅದೇ ಅಂಗಡಿಯಲ್ಲಿ ಬೇರೆ ಸಾಮಾನು ತೆಗೆದುಕೊಳ್ಳುವ ಚೀಟಿ. ಬೇಡ ಅಂತ ಎದ್ದು ಬಂದೆ. ನಮ್ಮ ಮನೆ ಹತ್ತಿರದ ಗೂಡಂಗಡಿಗೆ ಹಾಳು ತೆಂಗಿನಕಾಯಿಯ ಎರಡು ಹೋಳು ಹಿಡಿದುಕೊಂಡು ಹೋದರೆ ಮಾತಿಲ್ಲದೆ ಬೇರೆ ಕಾಯಿ ಕೊಡುತ್ತಾರೆ. ಒಡೆದು ತಂದದ್ದು ಯಾಕೆ ಅಂತ ಯಾರೂ ಕೇಳುವುದಿಲ್ಲ.

ಬಣ್ಣ ಇಷ್ಟವಾಗಲಿಲ್ಲ, ಮನಸ್ಸು ಬದಲಾಯಿತು ಅಂತ ನಾನು ಹೋದದ್ದಾದರೆ ಅಂಗಡಿಯವರು ಹೇಳಿದ್ದು ಸರಿ. ಬಳಸಿದ ಸಾಮಾನನ್ನು ಅವರು ಯಾರಿಗೆ ಮಾರುವುದು? ಆದರೆ ದೋಷ ಇರುವ ಸಾಮಾನಿನ ಲೆಕ್ಕ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದು ಇದೆ. ದೋಷ ಇರುವುದನ್ನು ವಾಪಸ್ ಪಡೆದು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ಹಣ ಕೊಡಬೇಕು. ಆಗುವುದಿಲ್ಲ ಅಂದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಇದು ನನಗೆ ಆವತ್ತು ಗೊತ್ತಿರಲಿಲ್ಲ, ಗೊತ್ತಿದ್ದರೆ ಅಲ್ಲೇ ಹೇಳುತ್ತಿದ್ದೆ.

ಆಮೇಲೆ 1915ಕ್ಕೆ ಫೋನ್ ಮಾಡಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರು ಬರೆದುಕೊಂಡು ಕಂಪೆನಿಗೆ ದಾಟಿಸಿದರು. ಅವರು ಮಾಡುವುದು ಅಷ್ಟೇ, ತೀರ್ಪು ಕೊಡುವುದಿಲ್ಲ. ಒಂಬತ್ತನೇ ದಿನ ಕಂಪೆನಿಯವರು ಬಂದು ಮೋಟಾರ್ ಬದಲಿಸಿಕೊಟ್ಟರು. ಹೊಸದರ ದುಡ್ಡು ಕೊಟ್ಟು ರಿಪೇರಿ ಆದ ಗ್ರೈಂಡರ್ ತೆಗೆದುಕೊಂಡ ಹಾಗಾಯಿತು ಅಲ್ವಾ? ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕ ಇಲ್ಲ, ವಕೀಲರೂ ಬೇಕೆಂದಿಲ್ಲ, ಎರಡು ವರ್ಷದೊಳಗೆ ದೂರು ಕೊಟ್ಟರೆ ಸಾಕು. ಮನೆಯವರು ಬಿಟ್ಟುಬಿಡು ಅನ್ನುತ್ತಿದ್ದಾರೆ. ನಾನಿನ್ನೂ ಬಿಟ್ಟಿಲ್ಲ.

ನೀವಾದರೆ ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿಸಿ, ಐದು ನಿಮಿಷ ಓಡಿಸಿ ನೋಡಿ. ಹಿಂದೆ ಜನ ಕಾಯುತ್ತಿದ್ದರೆ ಕಾಯಲಿ. ಬಿಲ್ಲಿನ ಹಿಂಭಾಗವನ್ನು ದುಡ್ಡು ಕೊಡುವ ಮೊದಲೇ ಓದಿ, ಕನ್ನಡಕ ಬೇಕಾದೀತು. ಮನೆಗೆ ತಂದು ಬಿಚ್ಚುವುದೇ ಆದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಮುಖ್ಯವಾಗಿ, ಹೊಸ ಗ್ರೈಂಡರನ್ನು ನಂಬಿ ಹಬ್ಬದ ಉದ್ದು ನೆನೆಹಾಕಬೇಡಿ.