ಲಿನಕ್ಸ್ ಮಿಂಟ್‌ನ ಸಿನಮನ್: ಎಡ ಅಂಚಿಗೆ ಮರಳಿದ ಟಾಸ್ಕ್‌ಬಾರ್

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಚಿಪ್ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇಲ್ಲದ ಕಾರಣ ಲಿನಕ್ಸ್ ಮಿಂಟ್ 22 ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು, ಸಿನಮನ್ ಎಂಬ ಡೆಸ್ಕ್‌ಟಾಪ್ ಇರುವ ಆವೃತ್ತಿಯಲ್ಲಿ, ಹಾಕಿಕೊಂಡೆ. ಬ್ರೌಸರ್ ಮತ್ತು ಲಿಬ್ರೆ ಆಫೀಸ್ ಮೊದಲಿನವೇ ಆದ್ದರಿಂದ ಅವುಗಳಲ್ಲಿ ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ. ಆದರೆ ಎಷ್ಟೋ ವರ್ಷಗಳಿಂದ ಪರದೆಯ ಎಡ ಅಂಚಿನಲ್ಲಿದ್ದ ಟಾಸ್ಕ್‌ಬಾರ್ ಈಗ ಕೆಳಗಿತ್ತು; ಮೊದಲ ಎರಡು ದಿನ ಕೈ ತಾನಾಗಿ ಎಡಕ್ಕೇ ಹೋಗುತ್ತಿತ್ತು.

ಎಡ ಅಂಚು ನನಗೆ ಬರಿಯ ಅಭ್ಯಾಸವಲ್ಲ. ನನ್ನ ಪರದೆಯ ಎತ್ತರ 768 ಪಿಕ್ಸೆಲ್ ಮಾತ್ರ, ಅಗಲ 1366. ಮಿಂಟ್‌ನ ಪ್ಯಾನೆಲ್ (ಟಾಸ್ಕ್‌ಬಾರಿಗೆ ಅಲ್ಲಿನ ಹೆಸರು) ಅದರಲ್ಲಿ 40 ಪಿಕ್ಸೆಲ್ ಎತ್ತರವನ್ನು ತೆಗೆದುಕೊಳ್ಳುತ್ತದೆ. ಅಕ್ಷರದ ಕೆಳಗೆ ಒತ್ತಕ್ಷರಕ್ಕೆ ಜಾಗ ಬೇಕಾಗುವ ಕನ್ನಡದಲ್ಲಿ ಸಾಲುಗಳ ನಡುವೆ ಅಂತರ ಹೆಚ್ಚು ಬಿಡಬೇಕಾಗುವುದರಿಂದ, ದಿನವಿಡೀ ಕರಡು ತಿದ್ದುವವರಿಗೆ ಕೆಳಗಿನ ಆ ಒಂದೆರಡು ಸಾಲುಗಳ ಬೆಲೆ ಗೊತ್ತಿರುತ್ತದೆ. ಅಗಲದಲ್ಲಿ ಅಷ್ಟೇ ಜಾಗ ಹೋದರೆ ಗಮನಕ್ಕೂ ಬರುವುದಿಲ್ಲ.

ಸಿನಮನ್‌ನಲ್ಲಿ ಈ ಬದಲಾವಣೆ ಅರ್ಧ ನಿಮಿಷದ ಕೆಲಸ. ಪ್ಯಾನೆಲ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ಮೂವ್’ ಆರಿಸಿದರೆ ಉಳಿದ ಅಂಚುಗಳು ಗುರುತಾಗಿ ಕಾಣುತ್ತವೆ. ಬೇಕಾದ ಕಡೆ ಒತ್ತಿದರೆ ಆಯಿತು. ಅದೇ ಮೆನುವಿನ ‘ಪ್ಯಾನೆಲ್ ಎಡಿಟ್ ಮೋಡ್’ ಆನ್ ಮಾಡಿದಾಗ ಪಟ್ಟಿ ಮೂರು ಬಣ್ಣದ ವಲಯಗಳಾಗಿ ತೋರುತ್ತದೆ, ಮತ್ತು ಪ್ರತಿ ಆಪ್ಲೆಟ್ಟನ್ನೂ (ಮೆನು, ಗಡಿಯಾರದಂಥ ಪಟ್ಟಿಯ ಮೇಲಿನ ಚಿಕ್ಕ ಸಾಧನ) ಹಿಡಿದೆಳೆದು ಇಷ್ಟವಾದ ವಲಯದಲ್ಲಿ ಇಡಬಹುದು. ನಾನು ಮೆನುವನ್ನು ಮೇಲೆ, ತೆರೆದ ಕಿಟಕಿಗಳ ಐಕಾನ್‌ಗಳನ್ನು ಅದರ ಕೆಳಗೆ, ಕೀಲಿಮಣೆಯ ಗುರುತು ಮತ್ತು ಗಡಿಯಾರವನ್ನು ತುದಿಯಲ್ಲಿ ಇಟ್ಟಿದ್ದೇನೆ. ನಿಂತ ಪಟ್ಟಿಯ ಗಡಿಯಾರದಲ್ಲಿ ಗಂಟೆ ಮೇಲೆ, ನಿಮಿಷ ಅದರ ಕೆಳಗೆ ಬರುತ್ತದೆ. ಕನ್ನಡದಲ್ಲಿ ವಾರ ಮತ್ತು ತಿಂಗಳ ಹೆಸರನ್ನು ಪೂರ್ತಿ ನೋಡಬಯಸುವವರಿಗೆ ಈ ಕಿರಿದಾದ ಜಾಗ ಸಾಲದು. ಅವರು ಪ್ಯಾನೆಲ್ಲನ್ನು ಕೆಳಗೇ ಬಿಡುವುದು ಒಳ್ಳೆಯದು.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಕಿಟಕಿಗಳನ್ನು ಗುಂಪು ಮಾಡುವ ಆಪ್ಲೆಟ್. ಅದರ ಸೆಟ್ಟಿಂಗ್‌ನಲ್ಲಿ ಗುಂಪು ಮಾಡುವುದನ್ನು ನಿಲ್ಲಿಸಬಹುದು; ಆಗ ಮೂಲಪ್ರತಿಗೆ ಒಂದು, ತಿದ್ದಿದ ಪ್ರತಿಗೆ ಒಂದು ಎಂದು ಎರಡು ಐಕಾನ್‌ಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಸೂಪರ್ ಕೀಲಿಯ (ವಿಂಡೋಸ್ ಗುರುತಿನ ಕೀಲಿ) ಜೊತೆ ಸಂಖ್ಯೆ ಒತ್ತಿ ಪಟ್ಟಿಯಲ್ಲಿರುವ ಅಪ್ಲಿಕೇಶನ್‌ಗಳನ್ನು ತೆರೆಯುವ ಅನುಕೂಲವೂ ಅಲ್ಲಿದೆ. ಕೀಲಿಮಣೆಯ ವಿನ್ಯಾಸಗಳಲ್ಲಿ ಕನ್ನಡದ ಕಗಪ ಸಿದ್ಧವಾಗಿಯೇ ಇರುವುದರಿಂದ, ಅದೇ ವಿನ್ಯಾಸದ ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿಸಿಕೊಂಡ ನನಗೆ ಅದನ್ನು ಸೇರಿಸಿದ ಕೂಡಲೇ ಟೈಪ್ ಮಾಡಲು ಸಾಧ್ಯವಾಯಿತು. ಈಗ ಯಾವ ಭಾಷೆಯಲ್ಲಿದ್ದೇನೆ ಎಂಬುದು ಪಟ್ಟಿಯ ಮೇಲೆಯೇ ಕಾಣುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮೊದಲ ವಾರ ಆಪ್ಲೆಟ್‌ಗಳನ್ನು ಸೇರಿಸುತ್ತ ತೆಗೆಯುತ್ತ ಪಟ್ಟಿಯನ್ನು ನಾನೇ ಗೋಜಲು ಮಾಡಿಕೊಂಡು, ಕೊನೆಗೆ ‘ಟ್ರಬಲ್‌ಶೂಟ್’ ಅಡಿಯಲ್ಲಿರುವ ಎಲ್ಲವನ್ನೂ ಮೊದಲಿನಂತೆ ಮಾಡುವ ಆಯ್ಕೆಯನ್ನು ಒತ್ತಿದೆ. ಪ್ಯಾನೆಲ್ ಸರಿಹೋಯಿತು, ಆದರೆ ನಾನು ಸಿನಮನ್‌ನಲ್ಲಿ ಮಾಡಿಕೊಂಡಿದ್ದ ಬೇರೆ ಹೊಂದಿಕೆಗಳೂ ಹೋದವು. ಆಪ್ಲೆಟ್‌ನ ಸೆಟ್ಟಿಂಗ್‌ಗಳನ್ನು ಫೈಲ್ ಆಗಿ ಉಳಿಸುವ ಸೌಲಭ್ಯ ಅದರ ಕಿಟಕಿಯ ಮೆನುವಿನಲ್ಲೇ ಇದೆ. ಈಗ ಕಿಟಕಿಪಟ್ಟಿಯ ಮತ್ತು ಗಡಿಯಾರದ ಫೈಲ್‌ಗಳು ನನ್ನ ಪೆನ್‌ಡ್ರೈವ್‌ನಲ್ಲಿವೆ. ಮನೆಯ ಇನ್ನೊಂದು ಕಂಪ್ಯೂಟರಿಗೆ ಮಿಂಟ್ ಹಾಕಿದಾಗ ಅಲ್ಲಿ ಅವನ್ನೇ ತೆರೆದೆ.