20 ಸಾವಿರದ ಟಿಟಿ ಬ್ಯಾಟ್ ನಮ್ಮಂಥವರ ಆಟ ಸುಧಾರಿಸುತ್ತಾ?

ಬಟರ್‌ಫ್ಲೈ ಕಂಪನಿಯ ವಿಸ್ಕೇರಿಯಾ ಪ್ಲೈ, ಅಂದರೆ ಬ್ಯಾಟಿನ ಮರದ ಹಲಗೆ, ಅದರ ಎರಡೂ ಕಡೆ ಟೆನರ್ಜಿ 05 ರಬ್ಬರ್. ಟೇಬಲ್ ಟೆನಿಸ್ ಆಡುವವರಿಗೆ ಇಷ್ಟು ಹೇಳಿದರೆ ಸಾಕು, ಕಣ್ಣು ಅರಳುತ್ತದೆ. ಚೀನಾದ ಜಾಂಗ್ ಜೀಕೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಕೈಯಲ್ಲಿದ್ದದ್ದು ಇದೇ ವಿಸ್ಕೇರಿಯಾ. ನಮ್ಮ ಜೊತೆ ಸಂಜೆ ಆಡುವ ಗೆಳೆಯರೊಬ್ಬರು ಈ ಸೆಟ್ ಹೊಸದಾಗಿ ಕಟ್ಟಿಸಿಕೊಂಡು ಬಂದರು. ಸ್ವಲ್ಪ ದಿನ ಬ್ಯಾಟ್ ಬದಲಾಯಿಸಿಕೊಂಡು ಆಡೋಣ್ವಾ ಅಂತ ಕೇಳಿದೆ, ಖುಷಿಯಿಂದ ಒಪ್ಪಿದರು. ಅವರ ಕೈಗೆ ಹೋದದ್ದು ನನ್ನ ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್, ಅದಕ್ಕೆ ಯಸಾಕಾ ಮಾರ್ಕ್ ಫೈವ್ ರಬ್ಬರ್. ಅವರ ಸೆಟ್ ಇಪ್ಪತ್ತು ಸಾವಿರ ದಾಟುತ್ತದೆ. ನನ್ನದು ಅದರ ಅರ್ಧಕ್ಕಿಂತ ಕಡಿಮೆ.

ನಾನು ಯಾವ ಮಟ್ಟದ ಆಟಗಾರ ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ರಿವ್ಯೂಗೆ ಅರ್ಥ ಇರುವುದಿಲ್ಲ. ಆಫೀಸು ಮುಗಿಸಿ ವಾರಕ್ಕೆ ಮೂರ್ನಾಲ್ಕು ಸಂಜೆ ಆಡುತ್ತೇನೆ. ಫೋರ್‌ಹ್ಯಾಂಡಿನಲ್ಲಿ ಚೆಂಡನ್ನು ಮುಂದಕ್ಕೆ ತಿರುಗಿಸಿ ಹೊಡೆಯುವ ಟಾಪ್‌ಸ್ಪಿನ್ ಬರುತ್ತದೆ, ಬ್ಯಾಕ್‌ಹ್ಯಾಂಡಿನಲ್ಲಿ ಜಾಸ್ತಿ ಬ್ಲಾಕ್, ಅಂದರೆ ಬಂದ ಚೆಂಡಿಗೆ ಬ್ಯಾಟ್ ಅಡ್ಡ ಹಿಡಿಯುವುದು. ಚೆಂಡು ಪಕ್ಕಕ್ಕೆ ತಿರುಗುವ ಒಳ್ಳೆಯ ಸೈಡ್‌ಸ್ಪಿನ್ ಸರ್ವಿಸ್ ಬಂದರೆ ಪರದಾಟ. ಕರ್ನಾಟಕದ ಯಾವ ಊರಿನ ಕ್ಲಬ್ಬಿಗೆ ಹೋದರೂ, ಯಾವ ಅಪಾರ್ಟ್‌ಮೆಂಟಿನ ಕೆಳಮಹಡಿಗೆ ಇಳಿದರೂ ನನ್ನಂಥವರು ನಾಲ್ಕು ಜನ ಸಿಗುತ್ತಾರೆ. ಈ ಬರಹ ಅವರಿಗೆ.

ಮೊದಲು ಒಳ್ಳೆಯದನ್ನೇ ಹೇಳಬೇಕು, ಯಾಕೆಂದರೆ ಒಳ್ಳೆಯದು ನಿಜವಾಗಿಯೂ ಇದೆ. ಎದುರಾಳಿ ಬ್ಯಾಕ್‌ಸ್ಪಿನ್ ಹಾಕಿ, ಅಂದರೆ ಹಿಂದಕ್ಕೆ ತಿರುಗುವ ಹಾಗೆ ಮಾಡಿ, ಉದ್ದಕ್ಕೆ ತಳ್ಳಿದ ಚೆಂಡನ್ನು ಕೆಳಗಿನಿಂದ ಎತ್ತಿ ಲೂಪ್ ಮಾಡಬೇಕಲ್ಲ, ನಮ್ಮಲ್ಲಿ ಅರ್ಧ ಜನಕ್ಕೆ ನೆಟ್ಟಿಗೆ ಬಡಿಯುವ ಹೊಡೆತ ಅದು. ಟೆನರ್ಜಿ 05 ಅಲ್ಲಿ ಅದ್ಭುತ. ಚೆಂಡು ರಬ್ಬರಿನೊಳಗೆ ಒಂದು ಕ್ಷಣ ಹೂತು ನಿಂತ ಹಾಗೆ ಅನ್ನಿಸುತ್ತದೆ, ಆಮೇಲೆ ಎತ್ತರಕ್ಕೆ ಎದ್ದು ಆಚೆ ಕಡೆ ಕುಸಿದು ಬೀಳುತ್ತದೆ. ಮಾರ್ಕ್ ಫೈವ್‌ನಲ್ಲಿ ಅದೇ ಚೆಂಡಿಗೆ ಮಂಡಿ ಬಗ್ಗಿಸಬೇಕು, ಸೊಂಟ ತಿರುಗಿಸಬೇಕು, ಕೈ ಪೂರ್ತಿ ಮೇಲಕ್ಕೆ ಹೋಗಬೇಕು. ಟೆನರ್ಜಿಯಲ್ಲಿ ಅರ್ಧ ಹೊಡೆತಕ್ಕೂ ಚೆಂಡು ನೆಟ್ ದಾಟುತ್ತದೆ. ಸರ್ವಿಸಿನಲ್ಲೂ ಹಾಗೇ, ನನ್ನ ಮಾಮೂಲಿ ಬ್ಯಾಕ್‌ಸ್ಪಿನ್ ಸರ್ವಿಸಿಗೆ ಎದುರಿನವರು ಒಂದಾದ ಮೇಲೊಂದು ನೆಟ್ಟಿಗೆ ಹಾಕಿದರು.

ಆದರೆ ಒಂದು ಗೇಮಿನಲ್ಲಿ ಲೂಪ್ ಎಷ್ಟು ಸಲ ಬರುತ್ತದೆ, ಎದುರಿನ ಸರ್ವಿಸ್ ವಾಪಸ್ ಕಳಿಸುವ ರಿಸೀವ್ ಎಷ್ಟು ಸಲ ಬರುತ್ತದೆ, ಲೆಕ್ಕ ಹಾಕಿ ನೋಡಿ. 11 ಪಾಯಿಂಟಿನ ಗೇಮಿನಲ್ಲಿ ಎರಡೆರಡು ಸರ್ವಿಸ್ ಬದಲಾಗುತ್ತಾ ಹೋಗುತ್ತದೆ, ಅಂದರೆ ಹತ್ತತ್ತಿರ ಅರ್ಧ ಪಾಯಿಂಟುಗಳು ನಮ್ಮ ರಿಸೀವ್‌ನಿಂದಲೇ ಶುರು. ಟೆನರ್ಜಿ ಕೈಕೊಟ್ಟದ್ದು ಅಲ್ಲೇ. ಚೆಂಡಿಗೆ ತಿರುಗು (ಸ್ಪಿನ್) ಕೊಡುವ ಶಕ್ತಿ ಎಷ್ಟಿದೆಯೋ ಬಂದ ತಿರುಗನ್ನು ಹಿಡಿದುಕೊಳ್ಳುವ ಗುಣವೂ ಅಷ್ಟೇ ಇರುತ್ತದೆ, ಎರಡೂ ಒಂದೇ ಹಿಡಿತದ ಕೆಲಸ. ಸರ್ವಿಸಿನ ಸೈಡ್‌ಸ್ಪಿನ್ ಸರಿಯಾಗಿ ಓದಲಿಲ್ಲ ಅಂದರೆ ಮಾರ್ಕ್ ಫೈವ್‌ನಲ್ಲಿ ಚೆಂಡು ಸ್ವಲ್ಪ ಎತ್ತರಕ್ಕೆ ಎದ್ದು ಟೇಬಲ್ ಮೇಲಾದರೂ ಬೀಳುತ್ತದೆ. ಟೆನರ್ಜಿಯಲ್ಲಿ ಅದು ಪಕ್ಕದ ಟೇಬಲ್‌ಗೆ ಹೋಗುತ್ತದೆ. ನೆಟ್ ಹತ್ತಿರ ಸಣ್ಣಗೆ ಬಿದ್ದ ಚೆಂಡನ್ನು ಮೆಲ್ಲಗೆ ಮುಟ್ಟಿ ಸಣ್ಣಗೇ ಹಿಂದಿರುಗಿಸೋಣ ಅಂದರೆ ರಬ್ಬರಿನ ಕೆಳಗಿನ ಸ್ಪಾಂಜ್ ತನ್ನಷ್ಟಕ್ಕೆ ಚಿಮ್ಮಿಸಿಬಿಡುತ್ತದೆ, ಚೆಂಡು ಎದೆಮಟ್ಟಕ್ಕೆ ಎದ್ದು ನಿಲ್ಲುತ್ತದೆ, ಎದುರಿನವರು ಬಾರಿಸುತ್ತಾರೆ. ಬ್ಯಾಕ್‌ಹ್ಯಾಂಡ್ ಬ್ಲಾಕ್ ಕೂಡ ಹಾಗೇ. ಬ್ಯಾಟ್ ಮುಖ ಒಂದಿಷ್ಟು ಜಾಸ್ತಿ ತೆರೆದುಕೊಂಡರೂ ಟೇಬಲ್ ಆಚೆಗೆ.

ವಿಸ್ಕೇರಿಯಾ ಬಗ್ಗೆಯೂ ಒಂದು ಮಾತು. ಐದು ಪದರ ಮರದ ನಡುವೆ ಅರಿಲೇಟ್ ಕಾರ್ಬನ್ ಅನ್ನುವ ನಾರಿನ ಎರಡು ಪದರ. ನಿಯಮದ ಪ್ರಕಾರ ಪ್ಲೈಯ ದಪ್ಪದಲ್ಲಿ ಕನಿಷ್ಠ 85 ಪರ್ಸೆಂಟ್ ಮರವೇ ಇರಬೇಕು, ಹಾಗಾಗಿ ಕಾರ್ಬನ್ ಅನ್ನುವುದು ತೆಳ್ಳಗಿನ ಬಟ್ಟೆಯಂಥ ಪದರ ಅಷ್ಟೇ. ಅಷ್ಟಕ್ಕೇ ಸ್ವಭಾವ ಬದಲಾಗುತ್ತದೆ. ಚೆಂಡು ಬ್ಯಾಟಿನ ಅಂಚಿನ ಕಡೆ ಬಿದ್ದರೂ ವೇಗ ಅಷ್ಟಾಗಿ ಸಾಯುವುದಿಲ್ಲ, ಇದು ಲಾಭ. ಆದರೆ ಚೆಂಡು ಎಲ್ಲಿ ತಗುಲಿತು ಅನ್ನುವ ಸುದ್ದಿ ಕೈಗೆ ಸರಿಯಾಗಿ ಬರುವುದಿಲ್ಲ. ಆಲ್‌ರೌಂಡ್ ಕ್ಲಾಸಿಕ್‌ನಲ್ಲಿ ಕಾರ್ಬನ್ ಇಲ್ಲ, ಬರೀ ಐದು ಪದರ ಮರ. ಪ್ರತಿ ಹೊಡೆತದಲ್ಲೂ ಹಿಡಿ ಸಣ್ಣಗೆ ನಡುಗುತ್ತದೆ, ನಡುವಿಗೆ ತಗುಲಿತಾ ತುದಿಗೆ ತಗುಲಿತಾ ಅಂತ ಬೆರಳಿಗೇ ಗೊತ್ತಾಗುತ್ತದೆ. ಕಲಿಯುತ್ತಿರುವವರಿಗೆ ಈ ಸುದ್ದಿ ತುಂಬಾ ಮುಖ್ಯ.

ಇಲ್ಲಿ ಒಂದು ವಿಷಯ ಯೋಚಿಸಬೇಕು. ಟೆನರ್ಜಿಯಂಥ ರಬ್ಬರ್ ಹುಟ್ಟಿದ್ದು ಯಾರ ಕಷ್ಟ ಪರಿಹರಿಸಲು? 2008ರವರೆಗೂ ದೊಡ್ಡ ಆಟಗಾರರು ಪ್ರತಿ ಮ್ಯಾಚಿಗೂ ಮೊದಲು ಸ್ಪೀಡ್ ಗ್ಲೂ ಅನ್ನುವ ಅಂಟು ಹಚ್ಚಿ ರಬ್ಬರ್ ಹೊಸದಾಗಿ ಅಂಟಿಸಿಕೊಳ್ಳುತ್ತಿದ್ದರು. ಅದರಲ್ಲಿನ ದ್ರಾವಕ ಸ್ಪಾಂಜನ್ನು ಉಬ್ಬಿಸಿ ಬಿಗಿ ಮಾಡುತ್ತಿತ್ತು, ಚೆಂಡು ಚಿಮ್ಮುತ್ತಿತ್ತು. ಆರೋಗ್ಯಕ್ಕೆ ಕೆಟ್ಟದ್ದು ಅಂತ ಅದನ್ನು ನಿಷೇಧಿಸಿದರು. ಆ ಬಿಗಿಯನ್ನು ಕಾರ್ಖಾನೆಯಲ್ಲೇ ತುಂಬಿಸಿ ಕೊಟ್ಟ ರಬ್ಬರುಗಳ ಕಾಲ ಆಗ ಜೋರಾಯಿತು, ಟೆನರ್ಜಿ ಬಂದದ್ದೂ ಅದೇ 2008ರಲ್ಲಿ. ಚೆಂಡು 2000ದಲ್ಲಿ 38 ಮಿಲಿಮೀಟರಿನಿಂದ 40ಕ್ಕೆ ಏರಿತ್ತು. 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಂತು, ತಿರುಗು ಇನ್ನೂ ಕಮ್ಮಿಯಾಯಿತು. ಕಳೆದುಕೊಂಡದ್ದನ್ನು ವಾಪಸ್ ಪಡೆಯಲು ವೃತ್ತಿಪರ ಆಟಗಾರರಿಗೆ ಇಂಥ ರಬ್ಬರ್ ಬೇಕೇ ಬೇಕಿತ್ತು. ನಮ್ಮಂಥವರ ಹತ್ತಿರ ಆ ವೇಗ ಮೊದಲಿನಿಂದಲೂ ಇರಲಿಲ್ಲ. ನಾವು ಪಾಯಿಂಟ್ ಕಳೆದುಕೊಳ್ಳುವುದು ವೇಗ ಸಾಲದೆ ಅಲ್ಲ, ಚೆಂಡು ಟೇಬಲ್ ಮೇಲೆ ಇಡಲಾಗದೆ.

ಹಾಗಂತ ಸಲಕರಣೆಯಿಂದ ಏನೂ ಆಗುವುದಿಲ್ಲ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ದೇಶದಲ್ಲೇ ಇದಕ್ಕೆ ಉತ್ತರ ಸಿಕ್ಕಿದೆ. 1952ರಲ್ಲಿ ಬಾಂಬೆಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಾಂಜ್ ಅಂಟಿಸಿದ ಬ್ಯಾಟ್ ತಂದಿದ್ದರು. ಉಳಿದವರೆಲ್ಲ ಸ್ಪಾಂಜ್ ಇಲ್ಲದ ಗುಬುಟು ರಬ್ಬರಿನ ಬ್ಯಾಟಿನವರು, ಟಕ್ ಟಕ್ ಶಬ್ದ ಕೇಳಿಯೇ ಹೊಡೆತದ ಬಲ ಅಂದಾಜು ಮಾಡುತ್ತಿದ್ದವರು. ಸಾಟೊ ಬ್ಯಾಟಿನಿಂದ ಹೆಚ್ಚು ಶಬ್ದವೇ ಬರುತ್ತಿರಲಿಲ್ಲ. ಪುರುಷರ ಸಿಂಗಲ್ಸ್ ಪಟ್ಟ ಅವರದಾಯಿತು. ಆದರೆ ಆ ಪಟ್ಟ ಅವರಿಗೆ ಮತ್ತೆ ಯಾವತ್ತೂ ಸಿಗಲಿಲ್ಲ. ಬೇರೆಯವರೂ ಸ್ಪಾಂಜ್ ಹಿಡಿದರು, ಎದುರಿಸುವುದನ್ನೂ ಕಲಿತರು. 1959ರಲ್ಲಿ ಬರೀ ಸ್ಪಾಂಜ್ ಬ್ಯಾಟಿಗೆ ನಿಷೇಧ ಬಂದು, ಸ್ಪಾಂಜಿನ ಮೇಲೆ ರಬ್ಬರ್ ಇರಲೇಬೇಕು, ಒಟ್ಟು 4 ಮಿಲಿಮೀಟರ್ ಮೀರಬಾರದು ಅಂತಾಯಿತು. ಈಗಲೂ ಅದೇ ಲೆಕ್ಕ.

ಲಾಂಗ್ ಪಿಂಪಲ್ಸ್, ಅಂದರೆ ಉದ್ದ ಗುಬುಟಿನ ರಬ್ಬರ್, ಹಾಕಿದ ಬ್ಯಾಟಿನದೂ ಹೆಚ್ಚುಕಮ್ಮಿ ಅದೇ ಕಥೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮನಿಕಾ ಬಾತ್ರಾ ಬ್ಯಾಕ್‌ಹ್ಯಾಂಡಿನ ಉದ್ದ ಗುಬುಟಿನ ರಬ್ಬರಿನಿಂದ ಎದುರಾಳಿಗಳನ್ನು ಕಾಡಿ ಸಿಂಗಲ್ಸ್ ಚಿನ್ನ ಗೆದ್ದ ಮೇಲೆ ನಮ್ಮ ಕಡೆ ಎಷ್ಟೋ ಜನ ಅದನ್ನು ಅಂಟಿಸಿಕೊಂಡರು. ಕ್ಲಬ್ ಮಟ್ಟದಲ್ಲಿ ಅದರಿಂದ ಗೆಲುವು ಬರುತ್ತದೆ, ಖಂಡಿತ. ತಾವು ಕೊಟ್ಟ ತಿರುಗೇ ತಲೆಕೆಳಗಾಗಿ ವಾಪಸ್ ಬರುತ್ತಿದೆ ಅಂತ ಎದುರಿನವರಿಗೆ ಅರ್ಥ ಆಗುವವರೆಗೆ. ಮನಿಕಾ ಅವರ ಆಟದಲ್ಲಿ ಆ ರಬ್ಬರಿನ ಹಿಂದೆ ಬ್ಯಾಟ್ ತಿರುಗಿಸಿ ಹೊಡೆಯುವ ವರ್ಷಗಟ್ಟಲೆ ಅಭ್ಯಾಸ ಇದೆ, ಅದು ಅಂಗಡಿಯಲ್ಲಿ ಸಿಗುವುದಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹವ್ಯಾಸಿ ಆಟಗಾರರಿಗೆ ದುಡ್ಡಿಗೆ ತಕ್ಕ ಫಲ ಸಿಗುವುದು ಎರಡೇ ಜಾಗದಲ್ಲಿ. ಒಂದು, ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಕವರ್ ಸಮೇತ ನೇತುಹಾಕಿರುವ ರೆಡಿಮೇಡ್ ಬ್ಯಾಟ್ ಬಿಟ್ಟು, ಪ್ಲೈ ಬೇರೆ ರಬ್ಬರ್ ಬೇರೆ ತೆಗೆದುಕೊಂಡು ಕಟ್ಟಿಸಿದ ಬ್ಯಾಟಿಗೆ ಬಂದಾಗ. ಈ ವ್ಯತ್ಯಾಸ ದೊಡ್ಡದು. ಅಗ್ಗದ ರೆಡಿಮೇಡ್ ಬ್ಯಾಟಿನ ರಬ್ಬರಿನ ಮೇಲೆ ಚೆಂಡು ಜಾರುತ್ತದೆ. ಅದರಲ್ಲಿ ಟಾಪ್‌ಸ್ಪಿನ್ ಸರಿಯಾಗಿ ಕಲಿಯಲು ಸಾಧ್ಯವೇ ಇಲ್ಲ, ಯಾಕೆಂದರೆ ಸರಿಯಾಗಿ ಉಜ್ಜಿದರೂ ಫಲ ಕಾಣುವುದಿಲ್ಲ. ಮಗು ಕೋಚಿಂಗಿಗೆ ಹೋಗುತ್ತಿದ್ದರೆ ಇದನ್ನು ಮುಂದಕ್ಕೆ ಹಾಕಬೇಡಿ.

ಇನ್ನೊಂದು, ಹಳೆ ರಬ್ಬರ್ ತೆಗೆದು ಹೊಸದು ಹಾಕಿದಾಗ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕ್ಲಬ್ಬಿನಲ್ಲಿ ಒಂದು ಸುತ್ತು ಹಾಕಿ ಬ್ಯಾಟುಗಳನ್ನು ನೋಡಿ. ಒಳ್ಳೆಯ ಬ್ರ್ಯಾಂಡ್, ದುಬಾರಿ ಪ್ಲೈ, ಆದರೆ ರಬ್ಬರಿನ ನಡುವೆ ಅಂಗೈ ಅಗಲ ಬೂದು ಬಣ್ಣಕ್ಕೆ ತಿರುಗಿದ ನುಣುಪು ಮಚ್ಚೆ. ಟೈರ್ ಸವೆದ ಬೈಕಿಗೆ ದೊಡ್ಡ ಎಂಜಿನ್ ಇದ್ದ ಹಾಗೆ ಅದು. ಪರೀಕ್ಷೆ ಸುಲಭ. ಶುಭ್ರವಾದ ಚೆಂಡನ್ನು ರಬ್ಬರಿನ ಮೇಲಿಟ್ಟು ಬೆರಳಿನಿಂದ ಒತ್ತಿ ಪಕ್ಕಕ್ಕೆ ಎಳೆಯಿರಿ. ಅಂಚಿನ ಹತ್ತಿರ ರಬ್ಬರ್ ಚೆಂಡನ್ನು ಹಿಡಿದುಕೊಳ್ಳುತ್ತದೆ, ನಡುವೆ ಎಳೆದಾಗ ಸರ್ರನೆ ಜಾರಿತು ಅಂದರೆ ಅದರ ಆಯಸ್ಸು ಮುಗಿಯಿತು. ನಾನು ಮಾರ್ಕ್ ಫೈವ್ ಹೊಸದು ಹಾಕಿದಾಗೆಲ್ಲ ಸರ್ವಿಸ್‌ನಲ್ಲಿ, ಲೂಪ್‌ನಲ್ಲಿ ಕಾಣುವ ಬದಲಾವಣೆ, ಟೆನರ್ಜಿ ಕೈಗೆ ಬಂದಾಗ ಕಂಡ ಬದಲಾವಣೆಗಿಂತ ಉಪಯೋಗಕ್ಕೆ ಬಂದದ್ದು. ಮಾರ್ಕ್ ಫೈವ್ 1969ರ ರಬ್ಬರ್. ಇವತ್ತಿಗೂ ಮಾರಾಟವಾಗುತ್ತಿದೆ, ಹಾಗೆ ಉಳಿಯುವಷ್ಟು ಗುಣ ಅದಕ್ಕಿದೆ. ಟೆನರ್ಜಿ ಒಂದು ಹಾಳೆಯ ದುಡ್ಡಿಗೆ ಹತ್ತಿರಹತ್ತಿರ ಎರಡು ಮಾರ್ಕ್ ಫೈವ್ ಬರುತ್ತವೆ. ಹಾಗಾದರೆ ವರ್ಷಕ್ಕೆ ಒಂದು ಸಲ ದುಬಾರಿ ರಬ್ಬರ್ ಹಾಕಿ ಸವೆದ ಮೇಲೂ ತಳ್ಳಿಕೊಂಡು ಹೋಗುವುದಾ, ವರ್ಷಕ್ಕೆರಡು ಸಲ ಸಾಧಾರಣ ರಬ್ಬರ್ ತಾಜಾ ಹಾಕುವುದಾ? ನಾನು ಎರಡನೆಯದನ್ನೇ ಆರಿಸುತ್ತೇನೆ.

ನಮ್ಮಲ್ಲಿ ಹಿರಿಯರೊಬ್ಬರು ಇದ್ದಾರೆ, ಎಲ್ಲರಿಗೂ ಅಂಕಲ್. ಅವರ ರಬ್ಬರ್ ಎಷ್ಟು ಹಳೆಯದು ಅಂತ ಅವರಿಗೇ ನೆನಪಿಲ್ಲ, ಆದರೂ ಎಲ್ಲರನ್ನೂ ಸೋಲಿಸುತ್ತಾರೆ. ಸಲಕರಣೆ ಮುಖ್ಯ ಅಲ್ಲ ಅನ್ನಲು ಜನ ಅವರನ್ನೇ ತೋರಿಸುತ್ತಾರೆ. ನನಗೆ ಅದು ಉಲ್ಟಾ ಕಾಣುತ್ತದೆ. ಅವರ ಸತ್ತ ರಬ್ಬರ್ ಯಾವ ತಿರುಗನ್ನೂ ಹಿಡಿಯುವುದಿಲ್ಲ, ಹಾಗಾಗಿ ನಾವು ಎಷ್ಟೇ ತಿರುಗಿಸಿ ಕಳಿಸಿದರೂ ಚಪ್ಪಟೆಯಾಗಿ ವಾಪಸ್ ಬರುತ್ತದೆ. ಬ್ಲಾಕ್ ಮಾಡಿಯೇ ಗೆಲ್ಲುವ ಆಟಕ್ಕೆ ಆ ರಬ್ಬರ್ ಹೇಳಿ ಮಾಡಿಸಿದ್ದು. ಅದನ್ನು ಬದಲಾಯಿಸಿ ಅಂಕಲ್ ಅಂತ ಯಾರಾದರೂ ಹೇಳಿದರೆ ನಾನು ಬೇಡ ಅನ್ನುತ್ತೇನೆ.

ರಬ್ಬರ್ ಅಂಟಿಸುವುದು ಮನೆಯಲ್ಲೇ ಆಗುತ್ತದೆ, ಹೆದರಬೇಡಿ. ಹಳೆಯದನ್ನು ಹಿಡಿಯ ಕಡೆಯಿಂದ ನಿಧಾನಕ್ಕೆ, ಮರದ ಎಳೆ ಏಳದ ಹಾಗೆ ಸುಲಿಯಿರಿ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಂಡೆ ಮಾಡುತ್ತಾ ಉಜ್ಜಿ ತೆಗೆಯಿರಿ. ನೀರಿನ ಮೂಲದ ಬಿಳಿ ಅಂಟು ಸಿಗುತ್ತದೆ, ಪ್ಲೈಗೂ ಸ್ಪಾಂಜಿಗೂ ತೆಳ್ಳಗೆ ಸವರಿ, ಬಿಳಿ ಬಣ್ಣ ಹೋಗಿ ಪಾರದರ್ಶಕ ಆಗುವವರೆಗೆ ಕಾಯಿರಿ. ಇಲ್ಲಿ ಅವಸರ ಮಾಡಿದರೆ ಒಳಗೆ ಗುಳ್ಳೆ ಉಳಿಯುತ್ತದೆ. ಆಮೇಲೆ ಹಿಡಿಯ ಕಡೆಯಿಂದ ಮೇಲಕ್ಕೆ ಉರುಳಿಸುತ್ತಾ ಕೂರಿಸಿ, ಒಂದು ರಾತ್ರಿ ದಪ್ಪ ಪುಸ್ತಕಗಳ ಕೆಳಗಿಟ್ಟು, ಬೆಳಿಗ್ಗೆ ಹರಿತವಾದ ಕತ್ತರಿಯಿಂದ ಸುತ್ತ ಕತ್ತರಿಸಿ. ಆಟ ಮುಗಿದ ಮೇಲೆ ಒದ್ದೆ ಸ್ಪಾಂಜಿನಿಂದ ಒರೆಸಿ ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟರೆ ರಬ್ಬರ್ ಹೆಚ್ಚು ಕಾಲ ಬಾಳುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ.

ಬ್ಯಾಟಿಗೆ ಸಾವಿರಗಟ್ಟಲೆ ಸುರಿದು ಚೆಂಡಿಗೆ ಜಿಪುಣತನ ಮಾಡುವುದು ನನಗೆ ಅರ್ಥವೇ ಆಗುವುದಿಲ್ಲ. ಡಬ್ಬದಲ್ಲಿ ಸಗಟಾಗಿ ಸಿಗುವ ಅಗ್ಗದ ಚೆಂಡುಗಳಲ್ಲಿ ಹಲವು ಸರಿಯಾಗಿ ದುಂಡಗಿರುವುದಿಲ್ಲ. ಟೇಬಲ್ ಮೇಲಿಟ್ಟು ಬುಗುರಿಯಂತೆ ತಿರುಗಿಸಿದರೆ ಓಲಾಡುವುದು ಕಣ್ಣಿಗೇ ಕಾಣುತ್ತದೆ. ಅಂಥ ಚೆಂಡು ಪುಟಿಯುವ ರೀತಿ ಪ್ರತಿ ಸಲ ಬೇರೆ, ಅದರಲ್ಲಿ ಯಾವ ಟೆನರ್ಜಿ ಇದ್ದರೂ ಅಷ್ಟೇ. ನಾಲ್ಕು ಜನ ಸೇರಿ ತ್ರೀ ಸ್ಟಾರ್ 40+, ಅಂದರೆ ಟೂರ್ನಿ ದರ್ಜೆಯ ಪ್ಲಾಸ್ಟಿಕ್ ಚೆಂಡಿನ ಒಂದು ಪೆಟ್ಟಿಗೆ ತಂದರೆ ಎಲ್ಲರ ಆಟವೂ ಒಟ್ಟಿಗೆ ಸುಧಾರಿಸುತ್ತದೆ. ಶೂ ಕೂಡ ಹಾಗೇ. ಅಪಾರ್ಟ್‌ಮೆಂಟಿನ ಗ್ರಾನೈಟ್ ನೆಲದಲ್ಲಿ ರನ್ನಿಂಗ್ ಶೂ ಹಾಕಿಕೊಂಡು ಆಡುವವರು ಬೀಳುವ ಭಯಕ್ಕೇ ಕಾಲು ಆಡಿಸುವುದಿಲ್ಲ. ಬ್ಯಾಡ್ಮಿಂಟನ್ನಿಗೆ ಹಾಕುವ ಗಮ್ ಸೋಲ್ ಶೂ ಸಾಕು.

ಹಾಗಾದರೆ ಟೆನರ್ಜಿ ಯಾರಿಗೆ? ವಾರಕ್ಕೆ ನಾಲ್ಕೈದು ದಿನ ಕೋಚ್ ಹತ್ತಿರ ಅಭ್ಯಾಸ ಮಾಡುತ್ತಾ, ಪ್ರತಿ ಚೆಂಡಿಗೂ ಪೂರ್ತಿ ಹೊಡೆತ ಹೊಡೆಯುವವರಿಗೆ. ರ‍್ಯಾಂಕಿಂಗ್ ಟೂರ್ನಿ ಆಡುವ ಮಕ್ಕಳಿಗೆ ಕೋಚ್ ಹೇಳಿದಾಗ. ಉಳಿದವರು ಆಸೆ ತಡೆಯಲಾಗದಿದ್ದರೆ ಕಾರ್ಬನ್ ಪ್ಲೈ ಬಿಟ್ಟು, ಇರುವ ಆಲ್‌ರೌಂಡ್ ಪ್ಲೈಗೆ ಫೋರ್‌ಹ್ಯಾಂಡ್ ಕಡೆ ಮಾತ್ರ ಟೆನರ್ಜಿ ಹಾಕಿಸಿ ನೋಡಿ, ಬ್ಯಾಕ್‌ಹ್ಯಾಂಡಿಗೆ ಮಾರ್ಕ್ ಫೈವ್ ಇರಲಿ. ಆದರೆ ಬಟರ್‌ಫ್ಲೈ ಹೆಸರಿನಲ್ಲಿ ನಕಲಿ ಮಾಲು ಬೇಕಾದಷ್ಟು ಓಡಾಡುತ್ತಿದೆ. ಅರ್ಧ ಬೆಲೆಗೆ ಟೆನರ್ಜಿ ಅಂತ ಆನ್‌ಲೈನಿನಲ್ಲಿ ಕಂಡರೆ ಮುಟ್ಟಬೇಡಿ, ಅಧಿಕೃತ ಡೀಲರ್ ಹತ್ತಿರವೇ ತೆಗೆದುಕೊಳ್ಳಿ.

ಗೆಳೆಯರು ಈಗ ಸರಿಯಾಗಿ ಇದನ್ನೇ ಮಾಡಿದ್ದಾರೆ. ವಿಸ್ಕೇರಿಯಾ ಬ್ಯಾಗಿನಲ್ಲಿದೆ, ಒಂದು ಟೆನರ್ಜಿ ಹೊಸ ಆಲ್‌ರೌಂಡ್ ಕ್ಲಾಸಿಕ್ ಮೇಲೆ ಕೂತಿದೆ. ಮೊನ್ನೆಯ ಡಬಲ್ಸ್‌ನಲ್ಲಿ ಅವರ ರಿಸೀವ್ ಒಂದೂ ಆಚೆ ಹೋಗಲಿಲ್ಲ.